ಕೆಲಸ ಬೇರೆ, ನೀವು ಬೇರೆ

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಒಂದು ಲಾಟ್ ರಿಜೆಕ್ಟ್ ಆದರೆ ಸಾಹೇಬರು ಎಲ್ಲರೆದುರೇ ಕೂಗಾಡುತ್ತಾರೆ. ಅಂಥ ದಿನ ಮೊದಲು ಒಂದು ಚೀಟಿ ತಗೊಂಡು, ಬೈದ ಮಾತನ್ನು ಎರಡು ಭಾಗ ಮಾಡಿ ಬರೆಯಿರಿ. "ಅಳತೆ ತಪ್ಪಿದೆ" ಅನ್ನೋದು ಕೆಲಸದ ಮಾತು, ಅದನ್ನು ಸರಿಮಾಡಿ. "ನೀನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನೋದರಲ್ಲಿ ಸರಿಮಾಡುವಂಥದ್ದು ಏನೂ ಇಲ್ಲ, ಅಲ್ವಾ? ಅದರ ಮೇಲೆ ಗೀಟು ಎಳೆಯಿರಿ. ಬರೆಯದೆ ಸುಮ್ನೆ ತಲೆಯಲ್ಲೇ ಇಟ್ಟುಕೊಂಡರೆ ಎರಡೂ ಕಲಸಿಹೋಗುತ್ತವೆ.

ಶಿಫ್ಟ್ ಮುಗಿದ ಮೇಲೆ ಆಫೀಸಿನ ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿ. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯಿರಿ. ಅಲ್ಲಿ ನಿಮ್ಮ ಹುದ್ದೆ ಯಾರೂ ಕೇಳಲ್ಲ. ಸಂಬಳಕ್ಕೆ ಸಂಬಂಧವಿಲ್ಲದ ಕೆಲಸವೂ ಒಂದಿರಲಿ. ನಾನು ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಅವರಿಗೆ ನಾನು ಬರೀ ಲೆಕ್ಕದ ಅಂಕಲ್.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಬರ್ನ್‌ಔಟ್ ಅಂದರೆ ಕೆಲಸದ ಜಾಗದ ಬಿಡದ ಒತ್ತಡದಿಂದ ಬರುವ ಸ್ಥಿತಿ ಅಂತ ಹೇಳಿದೆ. ಅದನ್ನು ನಿಮ್ಮ ಕೈಲಾಗದತನ ಅಂದುಕೊಳ್ಳಬೇಡಿ. ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.