'ಇದಕ್ಕೆಲ್ಲ ಮೊದಲು ಏನಿತ್ತು?' ಎಂದು ಮಕ್ಕಳು ಕೇಳಿದರೆ

ಶಿರಸಿಯಲ್ಲಿ ಮಳೆ ನಿಂತು ಆಕಾಶ ಸರಿಯಾಗಿ ಕಾಣತೊಡಗುವುದು ದೀಪಾವಳಿಯ ಹೊತ್ತಿಗೆ. ಅಂಗಳದಲ್ಲಿ ನಿಂತ ಮಕ್ಕಳು ಆಗ ಕೇಳುತ್ತಾರೆ: 'ಅಕ್ಕೋರೇ, ಇದೆಲ್ಲ ಹುಟ್ಟುವುದಕ್ಕೆ ಮೊದಲು ಏನಿತ್ತು?' ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಇದಕ್ಕಿಂತ ಪ್ರೀತಿಯ ಪ್ರಶ್ನೆ ಬೇರೆ ಇಲ್ಲ. ಆದರೆ ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಸಿಗುವುದು ಎರಡೇ ಉತ್ತರ. ಒಂದು ಬಿಗ್ ಬ್ಯಾಂಗ್ (ತೀರಾ ಬಿಸಿಯಾದ, ದಟ್ಟವಾದ ಸ್ಥಿತಿಯಿಂದ ವಿಶ್ವ ಹಿಗ್ಗುತ್ತಾ ಬಂತು ಎನ್ನುವುದು), ಇನ್ನೊಂದು ದೇವರು. ಎರಡರಲ್ಲಿ ಯಾವುದನ್ನು ಹೇಳಿದರೂ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗೆ ನಿಲ್ಲದಂತೆ ಮುಂದುವರಿಸುವುದು ಹೇಗೆ ಎಂದು ಅಪ್ಪ ಅಮ್ಮಂದಿರಿಗಾಗಿ, ಮಾಸ್ತರರಿಗಾಗಿ ಬರೆಯುತ್ತಿದ್ದೇನೆ.

ಉತ್ತರ ಹೇಳುವ ಮೊದಲು ನೀವೇ ತಿರುಗಿ ಕೇಳಿ: 'ನಿನಗೆ ಗೊತ್ತಾಗಬೇಕಾದ್ದು ಏನು?' ಆ ಒಂದೇ ಪ್ರಶ್ನೆಯೊಳಗೆ ಮೂರು ಇರುತ್ತವೆ. ಏನೇನು ನಡೆಯಿತು, ಯಾವಾಗ ನಡೆಯಿತು ಎನ್ನುವುದು ಭೌತಶಾಸ್ತ್ರದ್ದು. ಕಾಲವೇ ಇಲ್ಲದಿದ್ದಾಗ 'ಮೊದಲು' ಎನ್ನಬಹುದಾ, ಏನೂ ಇಲ್ಲದೇ ಇರಬಹುದಿತ್ತಲ್ಲ, ಆದರೂ ಇದೆಲ್ಲ ಯಾಕಿದೆ ಎನ್ನುವುದು ತತ್ವಶಾಸ್ತ್ರದ್ದು. ಇದನ್ನು ನಡೆಸುವವನೊಬ್ಬ ಇದ್ದಾನಾ, ಇದ್ದರೆ ಅವನಿಗೂ ನನಗೂ ಏನು ಸಂಬಂಧ ಎನ್ನುವುದು ದೇವತಾಶಾಸ್ತ್ರದ್ದು. ಹೈಸ್ಕೂಲು ಮಕ್ಕಳು ತಮ್ಮದು ಯಾವ ಪ್ರಶ್ನೆ ಎಂದು ಬೇಗ ಗುರುತಿಸುತ್ತಾರೆ. ದೊಡ್ಡವರಿಗೇ ಜಾಸ್ತಿ ಹೊತ್ತು ಬೇಕು.

ಭೌತಶಾಸ್ತ್ರದ ಪ್ರಶ್ನೆಯಾದರೆ ಮಗುವನ್ನು ಅಂಗಳಕ್ಕೇ ಕರೆದುಕೊಂಡು ಹೋಗಿ. ದೀಪ ಆರಿಸಿ. 'ರಾತ್ರಿ ಕತ್ತಲೆ ಯಾಕೆ?' ಎಂದು ಕೇಳಿ. ಸೂರ್ಯ ಮುಳುಗಿದ್ದಕ್ಕೆ ಅನ್ನುತ್ತದೆ. ಆಗ ಹೇಳಿ: ವಿಶ್ವಕ್ಕೆ ಕೊನೆಯೇ ಇಲ್ಲ, ಅದು ಯಾವಾಗಲೂ ಹೀಗೇ ಇತ್ತು, ಎಲ್ಲ ಕಡೆ ನಕ್ಷತ್ರಗಳಿವೆ ಎಂದಾದರೆ, ಯಾವ ದಿಕ್ಕಿಗೆ ನೋಡಿದರೂ ಕಣ್ಣು ಕೊನೆಗೆ ಒಂದು ನಕ್ಷತ್ರಕ್ಕೇ ತಾಗಬೇಕು. ಆಕಾಶವೆಲ್ಲ ಹಗಲಿನಂತೆ ಉರಿಯಬೇಕು. ಉರಿಯುತ್ತಿಲ್ಲ. ಹಾಗಾದರೆ ನಾವು ಅಂದುಕೊಂಡದ್ದರಲ್ಲಿ ಏನೋ ತಪ್ಪಿದೆ. 19ನೆಯ ಶತಮಾನದಲ್ಲಿ ಜರ್ಮನಿಯ ಖಗೋಳಜ್ಞ ಓಲ್ಬರ್ಸ್ ಎತ್ತಿದ್ದು ಇದೇ ಪ್ರಶ್ನೆ. ಇಂದಿನ ಉತ್ತರದ ಮುಖ್ಯ ಭಾಗ ಇದು: ವಿಶ್ವಕ್ಕೆ ವಯಸ್ಸಿದೆ, ಸುಮಾರು 1380 ಕೋಟಿ ವರ್ಷ. ತುಂಬಾ ದೂರದ ಬೆಳಕು ನಮ್ಮನ್ನು ಇನ್ನೂ ಮುಟ್ಟಿಲ್ಲ.

ಇಲ್ಲಿಗೇ ಬಿಡಬೇಡಿ. ನಕ್ಷತ್ರಗಳ ನಡುವಿನ ಆ ಕಪ್ಪು ಖಾಲಿಯಲ್ಲ. ಆರಂಭದ ಕಾಲದ ಬೆಳಕು ಅಲ್ಲಿದೆ. ವಿಶ್ವ ಹಿಗ್ಗಿದಂತೆ ಅದರ ಅಲೆಗಳೂ ಹಿಗ್ಗಿ ಮೈಕ್ರೋವೇವ್ ಆಗಿವೆ. ಅದಕ್ಕೇ ಕಣ್ಣಿಗೆ ಕಾಣುವುದಿಲ್ಲ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ಒಂದೇ ಗೊರಗೊರ ಬರುತ್ತಿತ್ತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳ ಹಿಕ್ಕೆ ತೊಳೆದರು. ಆದರೂ ಸದ್ದು ಹೋಗಲಿಲ್ಲ. ಅದು ಆ ಹಳೆಯ ಬೆಳಕೇ. ಈಗ ಅದರ ಬಿಸಿ 2.7 ಕೆಲ್ವಿನ್, ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ ಸುಮಾರು 270 ಡಿಗ್ರಿ ಕೆಳಗೆ. ವಿಶ್ವಕ್ಕೆ ಆದಿಯೇ ಇಲ್ಲ, ಅದು ಸದಾ ಒಂದೇ ರೀತಿ ಇರುತ್ತದೆ ಎಂದು ಬ್ರಿಟನ್ನಿನ ಖಗೋಳಜ್ಞ ಫ್ರೆಡ್ ಹಾಯ್ಲ್ ಮೊದಲಾದವರು ವಾದಿಸುತ್ತಿದ್ದರು. ಈ ಸದ್ದು ಸಿಕ್ಕ ಮೇಲೆ ಆ ಸಿದ್ಧಾಂತಕ್ಕೆ ನಿಲ್ಲುವುದು ಕಷ್ಟವಾಯಿತು. ಭೌತಶಾಸ್ತ್ರದ ಉತ್ತರ ಯಾರಿಂದ ಬಂದರೂ ಕೇಳಬೇಕಾದ್ದು ಒಂದೇ: 'ಏನು ಕಂಡುಬಂದರೆ ಈ ಮಾತನ್ನು ಬಿಟ್ಟುಕೊಡುತ್ತೀರಿ?'

ಎಲ್ಲಿ ನಿಲ್ಲಬೇಕು ಎನ್ನುವುದನ್ನೂ ಮಗುವಿಗೆ ಹೇಳಿಕೊಡಿ. ಹಿಂದೆ ಹಿಂದೆ ಹೋದಂತೆ, ತೀರಾ ಆರಂಭದ ಗಳಿಗೆಯಲ್ಲಿ ಐನ್‌ಸ್ಟೈನರ ಸಮೀಕರಣಗಳು ಕೈಕೊಡುತ್ತವೆ. ಆಚೆಗೆ ಎಲ್ಲರೂ ಒಪ್ಪಿದ ಸಿದ್ಧಾಂತ ಇನ್ನೂ ಇಲ್ಲ. 'ಶೂನ್ಯದಿಂದ ಹುಟ್ಟಿತು ಎಂದು ವಿಜ್ಞಾನ ಸಾಬೀತು ಮಾಡಿದೆ' ಎಂದು ಯಾರಾದರೂ ಅಂದರೆ, ಇಲ್ಲ, ಮಾಡಿಲ್ಲ ಎಂದು ನೇರವಾಗಿ ಹೇಳಿ.

ತತ್ವಶಾಸ್ತ್ರಕ್ಕೆ ಆಂಟೆನಾ ಬೇಡ. ವಾದದ ಕೀಲು ಎಲ್ಲಿದೆ ಎಂದು ಹುಡುಕಬೇಕು. ನ್ಯಾಯ ದರ್ಶನದವರ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದವರ ವಾದ ತೆಗೆದುಕೊಳ್ಳಿ: ಮಡಕೆ ಇದ್ದರೆ ಕುಂಬಾರ ಇರಬೇಕು, ಜಗತ್ತೂ ಮಾಡಿದ ವಸ್ತು, ಆದ್ದರಿಂದ ಮಾಡಿದವನೂ ಇರಬೇಕು. ಮಗುವಿಗೆ ಇದು ಸರಿ ಅನ್ನಿಸುತ್ತದೆ. ಆಗ ಎದುರಿನವರ ಮಾತು ಮುಂದಿಡಿ: ಕುಂಬಾರ ಮಡಕೆ ಮಾಡುವುದನ್ನು ಕಂಡಿದ್ದೇವೆ. ಜಗತ್ತನ್ನು ಮಾಡುವುದನ್ನು ಕಂಡವರು ಯಾರು? ಅದು 'ಮಾಡಿದ ವಸ್ತು' ಎಂದು ಮೊದಲೇ ಒಪ್ಪಿಕೊಂಡದ್ದು ಯಾಕೆ? ಮಗು ಎರಡೂ ಪಕ್ಷ ಹಿಡಿದು ವಾದ ಮಾಡಲಿ. 'ಏನೂ ಇಲ್ಲದಿರುವ ಬದಲು ಏನೋ ಇರುವುದು ಯಾಕೆ?' ಎಂದು 1714ರಲ್ಲಿ ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಕೇಳಿದ. 1948ರ ಒಂದು ರೇಡಿಯೋ ಚರ್ಚೆಯಲ್ಲಿ ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್, ವಿಶ್ವ ಇದೆ, ಅಷ್ಟೇ ಎಂದರು. ಯಾರ ಮಾತು ನಿಲ್ಲುತ್ತದೆ? ನಾನು ಲೈಬ್ನಿಟ್ಸ್ ಕಡೆ. ನಿಮ್ಮ ಮಗು ಒಪ್ಪಬೇಕಾಗಿಲ್ಲ.

ಮೂರನೆಯದಕ್ಕೆ ನಮ್ಮ ಜಿಲ್ಲೆಯವರ ಭಾಗ್ಯ ದೊಡ್ಡದು. ಶಿರಸಿಯಿಂದ ಸುಮಾರು 20 ಕಿ.ಮೀ. ದೂರದ ಸೋಂದಾಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಆ ಒಂದೇ ಸೀಮೆಯಲ್ಲಿ ಅದ್ವೈತದ ಸ್ವರ್ಣವಲ್ಲಿ ಮಠ, ದ್ವೈತದ ವಾದಿರಾಜ ಮಠ, ಜೈನರ ಸ್ವಾದಿ ಮಠ ಮೂರೂ ಇವೆ. ಜಗತ್ತಿನ ವಿಷಯಕ್ಕೆ ಮೂವರದ್ದೂ ಮೂರು ದಾರಿ. ಅದ್ವೈತದಲ್ಲಿ ಮಾಡಿದವನೂ ಸಾಮಗ್ರಿಯೂ ಒಂದೇ ಬ್ರಹ್ಮ. ಜೇಡ ತನ್ನೊಳಗಿಂದಲೇ ನೂಲು ತೆಗೆಯುತ್ತದೆ ಎಂದು ಮುಂಡಕೋಪನಿಷತ್ತು ಹೇಳುತ್ತದಲ್ಲ, ಹಾಗೆ. ದ್ವೈತದಲ್ಲಿ ಹರಿ ಬೇರೆ, ಜಗತ್ತಿನ ಸಾಮಗ್ರಿಯಾದ ಪ್ರಕೃತಿ ಬೇರೆ. ಪ್ರಕೃತಿಯೂ ಅನಾದಿ, ಆದರೆ ಅವನ ಅಧೀನ. ಜೈನರಿಗೆ ಜಗತ್ತು ಅನಾದಿ, ಅದನ್ನು ಸೃಷ್ಟಿಸಿದವನು ಯಾರೂ ಇಲ್ಲ. ಧರ್ಮ ಎಂದರೆ ಸೃಷ್ಟಿಕರ್ತನನ್ನು ನಂಬಲೇಬೇಕು ಎಂದುಕೊಂಡ ಮಕ್ಕಳಿಗೆ ಇದು ದೊಡ್ಡ ಆಶ್ಚರ್ಯ.

ಅಲ್ಲಿ ವಿದ್ವಾಂಸರು ಸಿಕ್ಕರೆ 'ದೇವರಿದ್ದಾನಾ?' ಎಂದು ಶುರು ಮಾಡಬೇಡಿ. ಒಳಗಿನಿಂದ ಕೇಳಿ. 'ಆಚಾರ್ರೇ, ದೇವರಿಗೆ ಯಾವ ಕೊರತೆಯೂ ಇಲ್ಲ ಅಂತೀರಿ. ಹಾಗಾದರೆ ಸೃಷ್ಟಿ ಯಾಕೆ ಬೇಕಿತ್ತು?' ಈ ಆಕ್ಷೇಪ ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲೇ ಇದೆ. 'ಲೋಕವತ್ತು ಲೀಲಾಕೈವಲ್ಯಮ್' ಎಂದು ಅಲ್ಲೇ ಉತ್ತರವೂ ಇದೆ: ಇದು ಬರೀ ಲೀಲೆ. ಕೂಡಲೇ ಮುಂದಿನ ಆಕ್ಷೇಪ: ಲೀಲೆಯಾದರೆ ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಯಾಕೆ? ನಂಬಿಕೆಯವರು ತಮ್ಮನ್ನೇ ಇಷ್ಟು ಕಠಿಣವಾಗಿ ಕೇಳಿಕೊಂಡಿದ್ದಾರೆ ಎನ್ನುವುದನ್ನು ಮಕ್ಕಳು ನೋಡಲೇಬೇಕು.

ಇನ್ನು ಒಂದರ ಉತ್ತರವನ್ನು ಇನ್ನೊಂದರ ತೂತಿಗೆ ತುರುಕುವ ಅಭ್ಯಾಸ. ಬಿಗ್ ಬ್ಯಾಂಗ್ ಕಲ್ಪನೆಗೆ ಅಡಿಪಾಯ ಹಾಕಿದ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್, ವಿಜ್ಞಾನ ಸೃಷ್ಟಿಗೆ ಸಾಕ್ಷಿ ನುಡಿದಿದೆ ಎಂಬರ್ಥದಲ್ಲಿ ಮಾತಾಡಿದರು. ಲೆಮೈತ್ರ್‌ಗೆ ಅದು ಹಿಡಿಸಲಿಲ್ಲ. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಹೊರಗಿನದು ಎಂದೇ ಅವರ ನಿಲುವು. 'ನಮ್ಮ ವೇದದಲ್ಲೇ ಬಿಗ್ ಬ್ಯಾಂಗ್ ಇದೆ' ಎಂಬ ವಾಟ್ಸಾಪ್ ಸಂದೇಶ ಬಂದಾಗಲೂ ಇದೇ ಎಚ್ಚರ ಬೇಕು, ಅಲ್ವಾ? ನಾಳೆ ಭೌತಶಾಸ್ತ್ರ ತನ್ನ ಮಾತು ಬದಲಿಸಿದರೆ ವೇದವನ್ನೂ ಬದಲಿಸುತ್ತೀರಾ? ಋಗ್ವೇದದ ನಾಸದೀಯ ಸೂಕ್ತವನ್ನು ಅದರ ಮಾತಿನಲ್ಲೇ ಓದಿಸಿ. ಏಳೇ ಋಕ್ಕುಗಳು. ಸೃಷ್ಟಿ ಎಲ್ಲಿಂದ ಬಂತೆಂದು ಮೇಲಿನ ಆಕಾಶದಲ್ಲಿದ್ದು ಇದನ್ನು ನೋಡಿಕೊಳ್ಳುವ ಅಧ್ಯಕ್ಷನಿಗೆ ಗೊತ್ತು, ಅಥವಾ ಅವನಿಗೂ ಗೊತ್ತಿಲ್ಲವೇನೋ ಎಂದು ಅದು ಮುಗಿಯುತ್ತದೆ.

ಎಲ್ಲವನ್ನೂ ಒಂದೇ ಸಂಜೆ ಹೇಳಹೋಗಬೇಡಿ. ಮೊದಲ ದಿನ ಅಂಗಳದ ಕತ್ತಲೆ ಸಾಕು. ಕುಂಬಾರನ ವಾದ ಮಳೆಗಾಲಕ್ಕೆ ಒಳ್ಳೆಯದು, ಹೇಗೂ ಒಳಗೇ ಕೂರಬೇಕು. ಸೋಂದಾಕ್ಕೆ ಹೋಗುವುದಾದರೆ ಬೆಳಿಗ್ಗೆಯೇ ಹೊರಡಿ, ಮೂರೂ ಮಠ ನೋಡಲು ಇಡೀ ದಿನ ಬೇಕು. ಮಕ್ಕಳು ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡಿರಲಿ.