ನಮ್ಮ ಮದುವೆ ನಮ್ಮದಾಗಿಯೇ ನಡೆಯಲು: ಮಂತ್ರಮಾಂಗಲ್ಯದ ಏರ್ಪಾಟು

ಮದುವೆಯ ಮಾತುಕತೆಗೆ ಕೂತ ಮನೆಯವರನ್ನು ನಾನು ಮೊದಲು ಕೇಳುವುದು ಇಷ್ಟೇ: ನೀವು ಬರೆದಿರುವ ಪಟ್ಟಿಯಲ್ಲಿ ನಿಮಗೆ ನಿಜವಾಗಿ ಬೇಕಾದದ್ದು ಯಾವುದು, ಎಲ್ಲೋ ನೋಡಿ ಸೇರಿಸಿದ್ದು ಯಾವುದು? ಅರಿಶಿನ ಶಾಸ್ತ್ರವನ್ನೇ ತೆಗೆದುಕೊಳ್ಳಿ. ಮನೆಯ ಹೆಂಗಸರು ಅಂಗಳದಲ್ಲಿ ಹಾಡು ಹೇಳಿಕೊಂಡು ಸ್ವಲ್ಪ ಹೊತ್ತಿನಲ್ಲಿ ಮುಗಿಸುತ್ತಿದ್ದ ಶಾಸ್ತ್ರಕ್ಕೆ ಈಗ ಎಲ್ಲರಿಗೂ ಹಳದಿ ಬಟ್ಟೆ, ಹಿಂದೊಂದು ಹೂವಿನ ಪರದೆ, ಬೇರೆಯೇ ಕ್ಯಾಮೆರಾದವರು. ಸಂಗೀತ್ ಸಂಜೆ ಸಿನಿಮಾ, ಧಾರಾವಾಹಿ, ರೀಲ್ಸ್‌ಗಳ ದಾರಿ ಹಿಡಿದು ಮಲೆನಾಡಿನ ಹಳ್ಳಿಗೂ ಬಂದಿದೆ. ಇದನ್ನೆಲ್ಲ ಯಾರು ಬೇಕೆಂದರು ಎಂದು ಕೇಳಿದರೆ ಮನೆಯಲ್ಲಿ ಯಾರೂ ‘ನಾನು’ ಅನ್ನುವುದಿಲ್ಲ. ಸಾಲದ ಕಾಗದಕ್ಕೆ ಸಹಿ ಹಾಕುವವರು ಮಾತ್ರ ಆ ಮನೆಯವರೇ.

ಈ ಒತ್ತಡಕ್ಕೆ ಕನ್ನಡದ ನೆಲದಲ್ಲೇ ಹುಟ್ಟಿದ ಉತ್ತರ ಮಂತ್ರಮಾಂಗಲ್ಯ. ಕುವೆಂಪು ಅದನ್ನು ರೂಪಿಸಿ 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಹಾಗೆಯೇ ನಡೆಸಿದರು. ಮುಂದೆ ರೈತ ಚಳವಳಿಯವರೂ ಸರಳ ಮದುವೆಗಳನ್ನು ಹಳ್ಳಿಗಳಲ್ಲಿ ಹರಡಿದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಮುಹೂರ್ತದ ಹಂಗಿಲ್ಲ, ದುಂದಿಲ್ಲ. ಹಿರಿಯರೊಬ್ಬರು ಬೋಧಿಸುತ್ತಾರೆ, ವಧೂವರರು ಪ್ರಮಾಣ ಮಾಡುತ್ತಾರೆ. ಕೇಳಲು ಇಷ್ಟು ಸುಲಭವಾದರೂ ಏರ್ಪಾಟಿಗೆ ಇಳಿದಾಗ ತೊಡಕುಗಳಿವೆ. ಅವು ಎಲ್ಲಿ ಬರುತ್ತವೆ, ಹೇಗೆ ಬಿಡಿಸಬಹುದು ಎಂದು ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಒಂದು ಎಚ್ಚರಿಕೆ. ‘ಸರಳ’ ಅನ್ನುವುದನ್ನೂ ಈಗ ಮಾರುತ್ತಾರೆ. ಮಣ್ಣಿನ ಮಡಕೆ, ಗಾಡಿಚಕ್ರ, ಒಣಹುಲ್ಲಿನ ಕಟ್ಟು, ತೆಂಗಿನಗರಿಯ ಚಪ್ಪರ ಜೋಡಿಸಿ ಕಲ್ಯಾಣಮಂಟಪಕ್ಕಿಂತ ಹೆಚ್ಚು ಹಣ ಕೇಳುವವರಿದ್ದಾರೆ. ಆದ್ದರಿಂದ ಖರ್ಚು ಕಡಿಮೆಯಾಯಿತೇ ಎಂಬ ಅಳತೆ ಸಾಲದು. ಫೋಟೋದಲ್ಲಿ ಬರದೇ ಹೋದರೂ ಈ ವಸ್ತು ಬೇಕೇ ಎಂದು ಪಟ್ಟಿಯ ಪ್ರತಿಯೊಂದಕ್ಕೂ ಕೇಳಿ. ಊಟ, ಕುಳಿತುಕೊಳ್ಳುವ ಜಾಗ, ಹಿರಿಯರಿಗೆ ಕುರ್ಚಿ, ಕುಡಿಯುವ ನೀರು, ಶೌಚಾಲಯ, ಎಲ್ಲರಿಗೂ ಮಾತು ಕೇಳಿಸುವಂಥ ಮೈಕು ಉಳಿಯುತ್ತವೆ. ಎಲ್‌ಇಡಿ ಪರದೆ, ಹೊಗೆ ಯಂತ್ರ, ಡ್ರೋನ್ ತಾವಾಗಿಯೇ ಬಿದ್ದುಹೋಗುತ್ತವೆ.

ಈ ಪಟ್ಟಿ ಛತ್ರಕ್ಕೆ ಮುಂಗಡ ಕೊಡುವ ಮೊದಲೇ ಮುಗಿದಿರಬೇಕು. ಕೆಲವು ಛತ್ರಗಳಲ್ಲಿ ಅಲಂಕಾರ, ಅಡುಗೆ, ಕ್ಯಾಮೆರಾ ಎಲ್ಲಕ್ಕೂ ಅವರು ಹೇಳಿದವರನ್ನೇ ಕರೆಯಬೇಕು. ಹೊರಗಿನವರನ್ನು ಕರೆತಂದರೆ ಅದಕ್ಕೊಂದು ಶುಲ್ಕ. ಮುಂಗಡ ಕೊಟ್ಟ ಮೇಲೆ ಅದು ತಿಳಿದರೆ ನಿಮ್ಮ ತೀರ್ಮಾನಗಳೆಲ್ಲ ಕಾಗದದಲ್ಲೇ ಉಳಿಯುತ್ತವೆ. ಮನೆಯಂಗಳ, ಶಾಲೆಯ ಸಭಾಂಗಣ, ಸಮುದಾಯ ಭವನದಲ್ಲಿ ಈ ಕಾಟ ಕಡಿಮೆ. ಕರೆಯುವವರನ್ನು ನೂರೈವತ್ತಕ್ಕೆ ಮಿತಿಗೊಳಿಸಿ, ಅಷ್ಟು ಜನರಿಗೆ ಈ ಜಾಗ ಸಾಕು.

ಮೊಬೈಲಿನ ವಿಚಾರವನ್ನೂ ಆಗಲೇ ಮಾತಾಡಿಕೊಳ್ಳಿ. ಮದುವೆ ಸೀರೆ ಎಂದು ಒಮ್ಮೆ ಹುಡುಕಿದರೆ ಸಾಕು, ಮುಂದಿನ ತಿಂಗಳುಗಳಲ್ಲಿ ಹುಡುಗಿಯ ಫೋನಿನ ತುಂಬ ಆಭರಣ, ಮೇಕಪ್ಪು, ಪ್ರಿವೆಡ್ಡಿಂಗ್ ಶೂಟ್. ದಿನಕ್ಕೆ ನೂರು ಸಲ ಕಂಡದ್ದು ವಾಡಿಕೆಯಂತೆ ತೋರುತ್ತದೆ. ಒಪ್ಪಿಕೊಂಡ ಪಟ್ಟಿ ಸಡಿಲವಾಗುವುದು ಹೆಚ್ಚಾಗಿ ಇಲ್ಲಿಂದಲೇ. ಹುಡುಕಾಟವನ್ನು ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಅಂದರೆ ಹುಡುಕಿದ್ದನ್ನು ಫೋನಿನಲ್ಲಿ ಉಳಿಸಿಕೊಳ್ಳದ ಕಿಟಕಿಯಲ್ಲಿ, ಮಾಡಿ. ಆಂಡ್ರಾಯ್ಡ್ ಫೋನಾದರೆ ಗೂಗಲ್ ಸೆಟ್ಟಿಂಗ್ಸ್‌ನ ಆ್ಯಡ್ಸ್ ವಿಭಾಗದಲ್ಲಿ, ಜಾಹೀರಾತಿನವರು ನಿಮ್ಮ ಫೋನನ್ನು ಗುರುತಿಸುವ ಅಡ್ವರ್ಟೈಸಿಂಗ್ ಐಡಿಯನ್ನು ಅಳಿಸಿ. ಜಾಹೀರಾತು ನಿಲ್ಲುವುದಿಲ್ಲ, ಬೆನ್ನುಹತ್ತುವುದು ತಗ್ಗುತ್ತದೆ. ಮದುವೆ ಪುಟಗಳನ್ನು ಅನ್‌ಫಾಲೋ ಮಾಡಿದರೆ ಇನ್ನೂ ಒಳ್ಳೆಯದು.

ಕಾನೂನಿನ ಭಾಗವನ್ನು ಬಹಳ ಜನ ಕೊನೆಗೆ ಬಿಡುತ್ತಾರೆ. ಅದು ಮೊದಲು ಬರಬೇಕು. ಹಿಂದೂ ವಿವಾಹ ಕಾಯ್ದೆ, 1955ರ 7ನೇ ಕಲಂ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳನ್ನು ಕೇಳುತ್ತದೆ. ಆ ವಿಧಿಗಳು ನಡೆಯದಿದ್ದರೆ ಬರೀ ನೋಂದಣಿ ಪತ್ರದಿಂದ ಹಿಂದೂ ವಿವಾಹ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ತಮಿಳುನಾಡು 1967ರಲ್ಲೇ 7ಎ ಕಲಂ ಸೇರಿಸಿ ಪುರೋಹಿತರಿಲ್ಲದ ಸ್ವಾಭಿಮಾನಿ ಮದುವೆಗಳಿಗೆ ಮಾನ್ಯತೆ ಕೊಟ್ಟಿತು. ನಮ್ಮಲ್ಲಿ ಮಂತ್ರಮಾಂಗಲ್ಯ ಮಾಡಿಕೊಳ್ಳುವವರಿಗೆ ಗಟ್ಟಿ ದಾರಿ ವಿಶೇಷ ವಿವಾಹ ಕಾಯ್ದೆ, 1954.

ಅದರ ಕ್ರಮ ಹೀಗೆ. ಇಬ್ಬರಲ್ಲಿ ಒಬ್ಬರಾದರೂ ಹಿಂದಿನ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ನಮ್ಮಲ್ಲಿ ಅದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗುವ ಕೆಲಸ. ನೋಟಿಸನ್ನು ಕಚೇರಿಯಲ್ಲಿ ಅಂಟಿಸುತ್ತಾರೆ, ಆಕ್ಷೇಪಣೆಗೆ 30 ದಿನ. ಆ ಅವಧಿ ಕಳೆದ ಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಅದು ಬಿದ್ದುಹೋಗಿ ಹೊಸದಾಗಿ ಕೊಡಬೇಕಾಗುತ್ತದೆ. ಹಾಗಾಗಿ ನಾನು ಹೇಳುವುದು ಮದುವೆಗೆ ಎರಡು ತಿಂಗಳು ಮೊದಲು ನೋಟಿಸ್ ಕೊಡಿ ಎಂದು. ಇತ್ತ 30 ದಿನವೂ ಕಳೆದಿರುತ್ತದೆ, ಅತ್ತ ಗಡುವಿಗೂ ಸಮಯವಿರುತ್ತದೆ.

12ನೇ ಕಲಂ ಗಮನಿಸಿ. ಮದುವೆಯನ್ನು ವಧೂವರರು ತಮಗೆ ಬೇಕಾದ ರೀತಿಯಲ್ಲಿ ಮಾಡಿಕೊಳ್ಳಬಹುದು. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರಿಗೆ ‘ನಾನು ನಿನ್ನನ್ನು ಕಾನೂನುಬದ್ಧ ಪತ್ನಿಯಾಗಿ, ಪತಿಯಾಗಿ ಸ್ವೀಕರಿಸುತ್ತೇನೆ’ ಎಂಬ ಮಾತು ತಮಗೆ ತಿಳಿಯುವ ಭಾಷೆಯಲ್ಲಿ ಬಂದರೆ ಸಾಕು. ಹೆಚ್ಚುವರಿ ಶುಲ್ಕ ಕಟ್ಟಿ ಕಚೇರಿಯಿಂದ ತೀರಾ ದೂರವಲ್ಲದ ಜಾಗಕ್ಕೆ ಅಧಿಕಾರಿಯನ್ನೇ ಕರೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಅವರು ಒಪ್ಪಿ ಬಂದರೆ ಪ್ರಮಾಣವಚನವೂ ಕಾನೂನಿನ ಮದುವೆಯೂ ಒಂದೇ ಹೊತ್ತಿನಲ್ಲಿ ಆಗುತ್ತವೆ. ಆಗದಿದ್ದರೆ ಅದೇ ವಾರದಲ್ಲಿ ಒಂದು ದಿನ ಕಚೇರಿಗೆ ಹೋಗಿ ಬನ್ನಿ. ಮೊದಲು ಸಮಾರಂಭ ಮುಗಿಸಿ ಆಮೇಲೆ 15ನೇ ಕಲಂ ಅಡಿ ನೋಂದಾಯಿಸೋಣ ಎಂದುಕೊಂಡವರಿಗೆ ಒಂದು ಅಡ್ಡಿ ಇದೆ. ಆ ಕಲಂ ಪ್ರಕಾರ ಇಬ್ಬರಿಗೂ 21 ತುಂಬಿರಬೇಕು. 19ರ ಹುಡುಗಿ ನೇರವಾಗಿ ಈ ಕಾಯ್ದೆಯಡಿ ಮದುವೆಯಾಗಬಹುದು, ಆಮೇಲಿನ ನೋಂದಣಿ ಮಾತ್ರ ಆಗುವುದಿಲ್ಲ. ಈ ಕಾಯ್ದೆಯಲ್ಲಿ ಮದುವೆಯಾದರೆ ಮಗ ಅವಿಭಕ್ತ ಕುಟುಂಬದಿಂದ ಹೊರಗಾಗುತ್ತಾನಂತೆ ಎಂದು ತೋಟ, ಗದ್ದೆ ಇರುವ ಮನೆಗಳ ದೊಡ್ಡಪ್ಪಂದಿರು ಕೇಳುವುದುಂಟು. ಇಬ್ಬರೂ ಹಿಂದೂಗಳಾದರೆ 21ಎ ಕಲಂ ಪ್ರಕಾರ ಹಾಗಾಗುವುದಿಲ್ಲ.

ಇನ್ನು ಸಮಾರಂಭ. ಇಲ್ಲಿ ಎಡವುವುದು ಬರೀ ಕಳೆಯುವುದರಿಂದ. ಶಾಸ್ತ್ರಗಳನ್ನು ತೆಗೆದರೆ ಅವುಗಳ ಜೊತೆಗೆ ನೆಂಟರ ಕೆಲಸವೂ ಹೋಗುತ್ತದೆ. ಸೋದರಮಾವನಿಗೆ ಹುಡುಗಿಯನ್ನು ಕರೆತರುವ ಹಕ್ಕಿತ್ತು, ಸೋದರತ್ತೆಗೆ ಆರತಿ, ಅಜ್ಜಿಗೆ ಹಾಡು. ಅವರೆಲ್ಲ ಕುರ್ಚಿಯ ಮೇಲೆ ಸುಮ್ಮನೆ ಕೂತು ಎದ್ದು ಹೋದರೆ ‘ಇದೆಂಥ ಮದುವೆ’ ಎನ್ನುವುದು ಸಹಜ, ಅದರಲ್ಲಿ ಅವರ ತಪ್ಪಿಲ್ಲ. ಸೋದರಮಾವನೇ ಹುಡುಗಿಯ ಕೈಹಿಡಿದು ಬರಲಿ. ದೀಪ ಹಚ್ಚುವುದು ಎರಡು ಕಡೆಯ ಅತ್ತೆಯರ ಪಾಲಿಗಿರಲಿ. ಹಾರವನ್ನು ಅಜ್ಜಿ ಎತ್ತಿಕೊಡಲಿ. ಸೋಬಾನೆ ಬಲ್ಲ ಹೆಂಗಸರು ಮನೆಯಲ್ಲೋ ಕೇರಿಯಲ್ಲೋ ಇದ್ದರೆ ಹದಿನೈದು ದಿನ ಮೊದಲೇ ಕರೆದು ಕೂರಿಸಿ, ಪದಗಳನ್ನು ಬರೆದುಕೊಳ್ಳಿ, ಹೊಸಬರು ಇಬ್ಬರು ಮೂವರು ದನಿಗೂಡಿಸಲು ಕಲಿಯಲಿ. ಹಾಡುವವರ ಬಾಯಿಗೆ ಮೈಕು ಹಿಡಿಯಬೇಡಿ, ಸಂಕೋಚಕ್ಕೆ ದನಿ ಉಡುಗುತ್ತದೆ. ಸ್ಟ್ಯಾಂಡಿಗೆ ಹಾಕಿ ಎರಡು ಅಡಿ ದೂರ ಇಡಿ.

ಪ್ರಮಾಣ ಬೋಧಿಸುವ ಹಿರಿಯರಿಗೆ ಪಠ್ಯ ವಾರ ಮೊದಲೇ ತಲುಪಬೇಕು, ವಧೂವರರು ಅದನ್ನು ಎರಡು ಸಲವಾದರೂ ಗಟ್ಟಿಯಾಗಿ ಓದಿರಬೇಕು. ಅರ್ಥವಾಗದೆ ಹೇಳಿದ ಕನ್ನಡ ಪ್ರಮಾಣ ಅರ್ಥವಾಗದೆ ಕೇಳಿದ ಸಂಸ್ಕೃತ ಮಂತ್ರಕ್ಕಿಂತ ಮೇಲೇನಲ್ಲ. ಇಡೀ ಕಾರ್ಯಕ್ರಮ ನಲವತ್ತು ನಿಮಿಷ ದಾಟದಿರಲಿ. ಮೀರುವುದು ಯಾವಾಗಲೂ ಭಾಷಣಗಳಿಂದ. ಬೋಧಿಸಿದವರೇ ಹತ್ತು ನಿಮಿಷ ಮಾತಾಡಲಿ, ಬೇರೆ ಭಾಷಣ ಬೇಡ. ರಾಜಕಾರಣಿಗಳನ್ನು ಕರೆದರೆ ಅವರು ಬರುವ ತನಕ ಮದುವೆ ಕಾಯಬೇಕಾಗುತ್ತದೆ.

ಕ್ಯಾಮೆರಾ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಒಬ್ಬರೇ ಇರಲಿ, ಅರ್ಧ ದಿನಕ್ಕಿರಲಿ, ವಧೂವರರ ಮತ್ತು ಜನರ ನಡುವೆ ನಿಲ್ಲದಿರಲಿ. ಒಂದು ನಿಯಮ ಮಾತ್ರ ಸಡಿಲಿಸಬೇಡಿ: ಕ್ಯಾಮೆರಾಕ್ಕಾಗಿ ಯಾವುದನ್ನೂ ಎರಡನೇ ಸಲ ಮಾಡುವುದಿಲ್ಲ. ‘ಇನ್ನೊಂದ್ಸಲ ಹಾರ ಹಾಕಿ ಸಾರ್’ ಎಂಬ ಮಾತು ಬಂದ ಗಳಿಗೆಯಿಂದ ಮದುವೆ ಚಿತ್ರೀಕರಣವಾಗುತ್ತದೆ. ಇದನ್ನು ಮುಂಗಡ ಕೊಡುವಾಗಲೇ ಹೇಳಿ. ನಿಮ್ಮ ಫೋಟೋಗಳನ್ನು ಅವರ ಪುಟದಲ್ಲಿ ಹಾಕಿಕೊಳ್ಳಬಾರದು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ನೆಂಟರ ಮೊಬೈಲುಗಳಿಗೆ, ಪ್ರಮಾಣ ಶುರುವಾಗುವ ಮೊದಲು ಮನೆಯ ಹಿರಿಯರೊಬ್ಬರು ಮೈಕಿನಲ್ಲಿ ಕೇಳಿಕೊಂಡರೆ ಸಾಕು: ‘ಇನ್ನು ಕಾಲು ಗಂಟೆ ಫೋನ್ ಒಳಗಿಡಿ, ಆಮೇಲೆ ಬೇಕಾದಷ್ಟು ತೆಗೆಯಿರಿ.’ ಬೋರ್ಡಿಗೆ ಜನ ಗಮನ ಕೊಡುವುದಿಲ್ಲ, ಹಿರಿಯರ ಮಾತಿಗೆ ಕೊಡುತ್ತಾರೆ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಅಣ್ಣತಂಗಿಯರಿಗಾಗಿ ಒಂದು ಫೋನನ್ನು ಟ್ರೈಪಾಡಿಗೆ ಹಾಕಿ ಪಕ್ಕದಲ್ಲಿ ಇಟ್ಟರಾಯಿತು.

ಆರತಕ್ಷತೆಯ ವೇದಿಕೆ ಬೇಡ. ಮೂರು ಗಂಟೆ ನಿಂತು, ಸಾಲಿನಲ್ಲಿ ಬಂದವರ ಜೊತೆ ಹಲ್ಲು ತೋರಿಸಿ, ಯಾರ ಹತ್ತಿರವೂ ಒಂದು ಮಾತಾಡಲಾಗದ ಏರ್ಪಾಟು ಅದು. ಬದಲಿಗೆ ವಧೂವರರು ಪಂಕ್ತಿಯ ಉದ್ದಕ್ಕೂ ಸಿಹಿ ಬಡಿಸುತ್ತ ಬರಲಿ. ಪ್ರತಿ ಎಲೆಯ ಮುಂದೆ ಅರ್ಧ ನಿಮಿಷ ನಿಂತರೂ ಐವತ್ತು ಜನರ ಪಂಕ್ತಿ ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ.

ಊಟವನ್ನು ಐದಾರು ಪದಾರ್ಥಕ್ಕೆ ಇಳಿಸಿದಾಗ ಲೆಕ್ಕ ತಪ್ಪುವುದು ಹೆಚ್ಚು. ಮೂವತ್ತು ಬಗೆ ಇದ್ದಲ್ಲಿ ಜನ ಒಂದೊಂದು ಚಮಚ ಮುಟ್ಟಿ ಎಲೆಯಲ್ಲಿ ಬಿಡುತ್ತಾರೆ. ಬಗೆ ಕಡಿಮೆಯಾದರೆ ಇರುವುದನ್ನು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಾರೆ. ಹಳೆಯ ಪ್ರಮಾಣದಲ್ಲೇ ಮಾಡಿದರೆ ಮೂರನೇ ಪಂಕ್ತಿಗೆ ಪಲ್ಯ ಇರುವುದಿಲ್ಲ. ನೂರೈವತ್ತು ಜನರಿಗೆ ನಾನು ಕೊಡುವ ಲೆಕ್ಕ: ಅಕ್ಕಿ 16 ಕೆ.ಜಿ., ಸಾರು ಮತ್ತು ಹುಳಿಗೆ ಸೇರಿ ತೊಗರಿಬೇಳೆ 5 ಕೆ.ಜಿ., ಹುಳಿಗೆ ತರಕಾರಿ 12 ಕೆ.ಜಿ., ಎರಡು ಪಲ್ಯಕ್ಕೆ ತಲಾ 10 ಕೆ.ಜಿ., ಕೋಸಂಬರಿಗೆ ಹೆಸರುಬೇಳೆ 2 ಕೆ.ಜಿ. ಮತ್ತು ಸೌತೆಕಾಯಿ 5 ಕೆ.ಜಿ. ಪಾಯಸಕ್ಕೆ ಹೆಸರುಬೇಳೆ 3 ಕೆ.ಜಿ., ಬೆಲ್ಲ 5 ಕೆ.ಜಿ., ತೆಂಗಿನಕಾಯಿ 12. ಉಳಿದ ಅಡುಗೆಗೆ ಕಾಯಿ ಇನ್ನೂ 15. ಮಜ್ಜಿಗೆಗೆ ಮೊಸರು 12 ಲೀಟರ್, ತುಪ್ಪ ಒಂದೂವರೆ ಕೆ.ಜಿ. ಹರಿದವು ಹೋಗಲಿ ಎಂದು ಬಾಳೆಎಲೆ 165. ಅನ್ನವನ್ನು ಒಮ್ಮೆಲೇ ಬೇಯಿಸಬೇಡಿ. 10 ಕೆ.ಜಿ. ಮೊದಲು, ಉಳಿದ 6 ಕೆ.ಜಿ. ಎರಡನೇ ಪಂಕ್ತಿ ಕೂತಾಗ ನೋಡಿಕೊಂಡು. ಕೋಸಂಬರಿಗೆ ಉಪ್ಪು ಬಡಿಸುವ ಮುಂಚೆಯಷ್ಟೇ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರುಬಿಟ್ಟು ಎಲೆಯೆಲ್ಲ ಹರಿಯುತ್ತದೆ.

ಸೀರೆಯ ಬಗ್ಗೆ ಇಷ್ಟು ಹೇಳಬಹುದು: ಮತ್ತೆ ಉಡುವಂಥದ್ದು ಕೊಳ್ಳಿ. ಇಳಕಲ್ ಸೀರೆಯಾದರೆ ಒಡಲು ಮತ್ತು ಸೆರಗು ಕೂಡುವ ಜಾಗವನ್ನು ತಿರುಗಿಸಿ ನೋಡಿ. ಕೈಮಗ್ಗದ್ದರಲ್ಲಿ ಎರಡರ ಹಾಸನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ, ಬೆರಳಿಗೆ ಸಿಗುತ್ತದೆ.

ಬಂದವರಿಗೆಲ್ಲ ಸಸಿ ಹಂಚುವುದು ಈಗ ರೂಢಿ. ಆಸೆ ಒಳ್ಳೆಯದು. ಆದರೆ ಹೆಚ್ಚಿನ ಮದುವೆಗಳು ಬೇಸಿಗೆಯಲ್ಲಿ. ಏಪ್ರಿಲ್‌ನಲ್ಲಿ ಕೊಟ್ಟ ಸಸಿಗೆ ಮಳೆ ಬರುವ ತನಕ ನೀರು ಹಾಕುವವರು ಯಾರು? ಅರ್ಧದಷ್ಟು ಕುರ್ಚಿಯಡಿಯಲ್ಲೇ ಉಳಿದಿರುತ್ತವೆ. ಬೇಕೆಂದವರ ಹೆಸರು ಬರೆದುಕೊಂಡು ಜೂನ್‌ನಲ್ಲಿ ಕೊಡಿ.

ಎಲ್ಲಕ್ಕಿಂತ ಕಷ್ಟದ್ದು ಮುಯ್ಯಿ. ‘ಉಡುಗೊರೆ ಬೇಡ’ ಎಂದು ಕರೆಯೋಲೆಯಲ್ಲಿ ಅಚ್ಚು ಹಾಕಿದರೆ ಮುಗಿಯುವುದಿಲ್ಲ. ನಿಮ್ಮ ಅಪ್ಪ ಯಾರ ಮನೆಯ ಮದುವೆಯಲ್ಲಿ ಮುಯ್ಯಿ ಮಾಡಿದ್ದಾರೋ ಅವರು ಅದನ್ನು ತೀರಿಸಲೇಬೇಕು, ಬೇಡವೆಂದರೆ ಅವರನ್ನು ಋಣದಲ್ಲೇ ಉಳಿಸಿದಂತೆ. ಮನೆಯ ಹಳೆಯ ಮುಯ್ಯಿ ಪುಸ್ತಕ ತೆಗೆದು ಹೆಸರುಗಳನ್ನು ಬೇರ್ಪಡಿಸಿ. ಕೊಡಬೇಕಾದವರು ಮದುವೆಗೆ ಮೊದಲೇ ಮನೆಗೆ ಬಂದು ಕೊಟ್ಟುಹೋಗಲಿ, ಕಾಫಿ ಕುಡಿದು ಹೋಗಲಿ. ಹೊಸದಾಗಿ ಯಾರಿಂದಲೂ ತೆಗೆದುಕೊಳ್ಳಬೇಡಿ, ನಿಮ್ಮ ಮಕ್ಕಳ ಕಾಲಕ್ಕೆ ಸರಪಳಿ ತಾನಾಗಿ ತುಂಡಾಗುತ್ತದೆ. ನೂರೈವತ್ತರ ಮಿತಿಯಲ್ಲಿ ಕರೆಯಲಾಗದೆ ಉಳಿದ ನೆಂಟರ ಮನೆಗಳಿಗೆ ವಧೂವರರು ತಿಂಗಳೊಳಗೆ ತಾಂಬೂಲ ಹಿಡಿದು ಹೋಗಿ ಬರಲಿ. ಇದನ್ನು ಬಿಟ್ಟರೆ ಮುನಿಸು ವರ್ಷಗಟ್ಟಲೆ ಉಳಿಯುತ್ತದೆ.

ಬಂದ ಉಡುಗೊರೆ ಎಷ್ಟೇ ಕಡಿಮೆಯಿರಲಿ, ಬರೆದಿಡಿ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳು ಇದನ್ನು ಕೇಳುತ್ತವೆ: ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾದರೆ ಏನು ಸಂಬಂಧ ಎಂಬುದು. ಮುಯ್ಯಿ ಪುಸ್ತಕದಲ್ಲಿ ಎರಡು ಕಾಲಂ ಹೆಚ್ಚಿಗೆ ಎಳೆದರೆ ಇದಕ್ಕೂ ಆಯಿತು. ವಧುವಿಗೆ ಬಂದದ್ದು, ವರನಿಗೆ ಬಂದದ್ದು ಬೇರೆ ಬೇರೆ ಹಾಳೆಯಲ್ಲಿರಲಿ, ಎರಡಕ್ಕೂ ಇಬ್ಬರ ಸಹಿ ಇರಲಿ. ಅವಳ ಪಟ್ಟಿ ಅವಳ ಬಳಿ, ಅವನದು ಅವನ ಬಳಿ ಇರಬೇಕು.