ಫಸಲಿ ಕಾಗದಕ್ಕೆ ಬಗ್ಗುವ ಕತ್ತಿನ ಕ್ಯಾಮೆರಾ: ನನ್ನ ಅನುಭವ

ನಿಜಾಮರ ಕಾಲದ, ಫಸಲಿ ವರ್ಷ (ಆ ಸರ್ಕಾರದ ಕಂದಾಯ ವರ್ಷ) ಹಾಕಿದ ಉರ್ದು ಕಾಗದ ಓದುವ ನಮ್ಮ ಮಂದಿಗೆ ಒಂದು ಗಟ್ಟಿ ನಂಬಿಕೆ ಇದೆ. ಶಿಕಸ್ತಾ ಬರಹ (ಅಕ್ಷರ ಕೂಡಿಸಿ ಓಡಿಸಿ ಬರೆದ ಕೈಬರಹ) ಓದಬೇಕಾದರೆ ಕಾಗದ ಕೈಯಲ್ಲೇ ಇರಬೇಕು, ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಬೇಕು. ಅದನ್ನು ವಿಡಿಯೋ ಕಾಲ್‌ನಲ್ಲಿ ಓದಿಸುತ್ತೇನೆ ಅಂದಾಗ ಕಲಬುರಗಿಯಲ್ಲಿ ನಮ್ಮ ಕಸುಬಿನ ಹಿರಿಯರು ನಕ್ಕರು. ‘ರೊಕ್ಕ ಜಾಸ್ತಿ ಆಗಿದೆಯೇನು’ ಎಂದು ಒಬ್ಬರು ಕೇಳಿದರು. ಅವರೇ ಮೊನ್ನೆ ನನ್ನ ಟೇಬಲ್‌ನ ಫೋಟೋ ಹೊಡೆದುಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಬರುವುದು ಬೈನಾಮಾ (ಕ್ರಯಪತ್ರ), ರಹನ್‌ನಾಮಾ (ಅಡವು ಪತ್ರ), ಮುಂತಖಬು (ಇನಾಮು ತೀರ್ಪಿನ ಸಾರ), ಸೇತ್ವಾರು (ಸರ್ವೆ ನಂಬರುಗಳ ಪಟ್ಟಿ). ಹೊಲ ಸೇಡಂ, ಚಿಂಚೋಳಿ, ಆಳಂದ ಕಡೆ. ವಾರಸುದಾರರು ಪುಣೆ, ಬೆಂಗಳೂರು, ದುಬೈ. ಕಾಗದ ಊರಲ್ಲಿರುವ ಕಾಕಾನ ಟ್ರಂಕಿನಲ್ಲಿ. ಮೊದಲು ಎಲ್ಲರೂ ಒಂದೇ ದಿನ ಇಲ್ಲಿ ಸೇರಬೇಕಿತ್ತು, ವಕೀಲರೂ ಬರಬೇಕಿತ್ತು. ಈಗ ಕಾಕಾ ಮಾತ್ರ ಬರುತ್ತಾರೆ. ಉಳಿದವರು ಪರದೆಯಲ್ಲಿ ನೋಡುತ್ತಾರೆ. ನಾನು ಪೆನ್ಸಿಲ್ ತುದಿಯಿಂದ ಸಾಲು ತೋರಿಸುತ್ತಾ ಓದುತ್ತೇನೆ. ವಾಟ್ಸ್ಆ್ಯಪ್ ಫೋಟೋ ಸಾಕಲ್ವಾ ಎಂದು ಕೇಳಬೇಡಿ. ಫೋಟೋ ಕಳಿಸಿದರೆ ‘ಯಾವ ಸಾಲು, ಎಲ್ಲಿಂದ ಮೂರನೇದು’ ಅನ್ನುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಮೊದಲು ಹಾಳು ಮಾಡಿದ ರೊಕ್ಕದ ಲೆಕ್ಕ. ಮೊಬೈಲ್ ಹಿಡಿಯುವ ಬಗ್ಗುವ ಸ್ಟ್ಯಾಂಡ್, ಸುಮಾರು 350. ಮೊಬೈಲ್ ಭಾರಕ್ಕೆ ಕತ್ತು ನಿಧಾನವಾಗಿ ಇಳಿಯುತ್ತಿತ್ತು. ಓದುತ್ತಾ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅತ್ತ ಕಡೆಯವರಿಗೆ ನನ್ನ ಹೊಟ್ಟೆ ಕಾಣುತ್ತಿತ್ತು. ಆಮೇಲೆ ಸ್ಟೇಷನ್ ಹತ್ತಿರ 900 ರೂಪಾಯಿಗೆ ಒಂದು ವೆಬ್‌ಕ್ಯಾಮ್. ಡಬ್ಬಿಯ ಮೇಲೆ ಫುಲ್ ಎಚ್‌ಡಿ ಎಂದಿತ್ತು, ಆದರೆ ಫೋಕಸ್ ಫಿಕ್ಸೆಡ್. ಮುಖಕ್ಕೆ ಸರಿ. ಒಂದು ಗೇಣು ದೂರದ ಕಾಗದಕ್ಕೆ ಬರೀ ಮಸುಕು. ನಂತರ ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರ್, ಎರಡೂವರೆ ಸಾವಿರ ಇರಬೇಕು. ಸ್ಕ್ಯಾನ್ ಚೆನ್ನಾಗಿಯೇ ಬಂತು. ಆದರೆ ಮಡಿಕೆಯಲ್ಲಿ ಹರಿದ ಕಾಗದವನ್ನು ಗಾಜಿನ ಮೇಲೆ ಬೋರಲು ಹಾಕಿ ಒತ್ತಲು ಯಾವ ಕಾಕಾನೂ ಒಪ್ಪಲಿಲ್ಲ. ಅವರದೇ ಸರಿ.

ಕೊನೆಗೆ ಉಳಿದದ್ದು ಬಗ್ಗುವ ಕತ್ತಿನ, ಆಟೋ ಫೋಕಸ್ ಇರುವ ವೆಬ್‌ಕ್ಯಾಮ್. ಮೂರು ಸಾವಿರದ ಮೇಲೆ ಸ್ವಲ್ಪ ಕೊಟ್ಟೆ. ಫುಲ್ ಎಚ್‌ಡಿ ಅಂದರೆ ಅಗಲಕ್ಕೆ 1920 ಪಿಕ್ಸೆಲ್. ಎ4 ಹಾಳೆಯನ್ನು ಅಡ್ಡ ಇಟ್ಟು ಚೌಕಟ್ಟಿನ ಅಗಲ ತುಂಬಿಸಿದರೆ ಇಂಚಿಗೆ 160ರ ಆಸುಪಾಸು ಸಿಗುತ್ತದೆ. ಅಚ್ಚಿನ ಕಾಗದಕ್ಕೆ ಅದು ಸಾಕು. ಶಿಕಸ್ತಾಕ್ಕೆ ಸಾಲದು. ನಾನು ಅರ್ಧ ಹಾಳೆ ಮಾತ್ರ ತೋರಿಸುತ್ತೇನೆ, ಮೇಲಿಂದ ಕೆಳಕ್ಕೆ ಸರಿಸುತ್ತಾ ಹೋಗುತ್ತೇನೆ. ಕ್ಯಾಮೆರಾ ಸರಿಸಬೇಡಿ, ಕಾಗದ ಸರಿಸಿ. ಕಾಗದದ ಕೆಳಗೆ ದಪ್ಪ ರಟ್ಟು ಇಟ್ಟು, ಆ ರಟ್ಟನ್ನೇ ಎಳೆಯಿರಿ.

ಚುಕ್ಕೆ ಯಾಕೆ ಮುಖ್ಯ ಅಂತ ನಿಮಗೆ ಹೇಳಬೇಕಿಲ್ಲ. ಉರ್ದುವಿನ ಬೇ, ಪೇ, ತೇ ಅಕ್ಷರಗಳು ಬೇರೆಯಾಗುವುದು ಚುಕ್ಕೆಯಿಂದಲೇ. ಅದಕ್ಕಿಂತ ಅಪಾಯ ಅಂಕಿಗಳಲ್ಲಿದೆ. ಉರ್ದು ಸೊನ್ನೆಯೇ ಒಂದು ಚುಕ್ಕೆ. ಮೀಟಿಂಗ್ ಆ್ಯಪ್‌ಗಳು ನೆಟ್ ಸ್ವಲ್ಪ ಕುಗ್ಗಿದರೂ ಕ್ಯಾಮೆರಾ ಚಿತ್ರವನ್ನು ಹಿಂಡಿ ಕಳಿಸುತ್ತವೆ. ಮುಖ ಆಗಲೂ ಮುಖವಾಗಿಯೇ ಕಾಣುತ್ತದೆ, ಚುಕ್ಕೆ ಹೋಗಿಬಿಡುತ್ತದೆ. ಆಗ 10 ಎಕರೆ 1 ಎಕರೆ ಆಗುತ್ತದೆ. ಸೇಡಂ ಕಡೆಯ ಒಂದು ಬೈನಾಮಾದಲ್ಲಿ ಖರೇ ಹಾಗೇ ಆಯಿತು. ಪುಣೆಯಲ್ಲಿದ್ದ ಮೊಮ್ಮಗ ಇಲ್ಲಿ ಕೂತಿದ್ದ ಕಾಕಾನ ಮೇಲೆ ಹರಿಹಾಯ್ದ. ನಾನು ಭೂತಗನ್ನಡಿ ಹಿಡಿದು ಸೊನ್ನೆ ತೋರಿಸಿದ ಮೇಲೆ ತಣ್ಣಗಾದ.

ಇದಕ್ಕೆ ಪರಿಹಾರ ಕ್ಯಾಮೆರಾದಲ್ಲಿ ಇಲ್ಲ, ಕಳಿಸುವ ದಾರಿಯಲ್ಲಿದೆ. ಕಾಗದವನ್ನು ಕ್ಯಾಮೆರಾ ಚಿತ್ರವಾಗಿ ಕಳಿಸಬೇಡಿ, ಸ್ಕ್ರೀನ್ ಶೇರ್ ಆಗಿ ಕಳಿಸಿ. ಸ್ಕ್ರೀನ್ ಶೇರ್‌ನಲ್ಲಿ ಫ್ರೇಮ್ ಕಡಿಮೆಯಾದರೂ ಅಕ್ಷರ ಚೊಕ್ಕವಾಗಿ ಹೋಗುತ್ತದೆ. ನಾನು ಓಬಿಎಸ್ ಎಂಬ ಉಚಿತ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಕ್ಯಾಮೆರಾ ಹಾಕಿ, ಅದರ ಪ್ರೊಜೆಕ್ಟರ್ ಕಿಟಕಿ ತೆರೆದು, ಆ ಕಿಟಕಿಯನ್ನೇ ಶೇರ್ ಮಾಡುತ್ತೇನೆ. ವಿಡಿಯೋಗೆ ಆಪ್ಟಿಮೈಸ್ ಮಾಡುವ ಟಿಕ್ ಇದ್ದರೆ ತೆಗೆದುಬಿಡಿ. ಝೂಮ್ ಬಳಸುವವರಿಗೆ ಶೇರ್ ಪಟ್ಟಿಯಲ್ಲೇ ಎರಡನೇ ಕ್ಯಾಮೆರಾ ತೋರಿಸುವ ಆಯ್ಕೆ ಇದೆ, ಅದೂ ನಡೆಯುತ್ತದೆ. ಓಬಿಎಸ್‌ನ ಇನ್ನೊಂದು ಲಾಭ ಹೇಳುತ್ತೇನೆ. ಕ್ಯಾಮೆರಾದ ಕತ್ತು ಟೇಬಲ್‌ನ ಆಚೆ ಬದಿಯಿಂದ ಬಂದರೆ ಕೈಗೆ ಅಡ್ಡ ಬರುವುದಿಲ್ಲ, ಆದರೆ ಕಾಗದ ತಲೆಕೆಳಗಾಗಿ ಕಾಣುತ್ತದೆ. ಅಲ್ಲಿ 180 ಡಿಗ್ರಿ ತಿರುಗಿಸಿದರೆ ಮುಗಿಯಿತು. ಮೀಟಿಂಗ್ ಆ್ಯಪ್ ನಿಮ್ಮ ಚಿತ್ರವನ್ನು ನಿಮಗೆ ಕನ್ನಡಿಯಂತೆ ತೋರಿಸುತ್ತದಲ್ಲ, ಅದನ್ನು ನೋಡಿ ಗಾಬರಿ ಬೇಡ. ಅತ್ತ ಕಡೆ ಬರಹ ಬಲದಿಂದ ಎಡಕ್ಕೇ ಇರುತ್ತದೆ.

ಫೋಕಸ್ ಬಗ್ಗೆ. ಆಟೋ ಫೋಕಸ್ ಇರುವ ಕ್ಯಾಮೆರಾ ಕೊಂಡು, ಕೂತ ತಕ್ಷಣ ಆಟೋ ಫೋಕಸ್ ಆಫ್ ಮಾಡಬೇಕು. ಇಲ್ಲದಿದ್ದರೆ ಪೆನ್ಸಿಲ್ ಇಟ್ಟಾಗೆಲ್ಲ ಅದು ಕೈಯನ್ನು ಹುಡುಕುತ್ತದೆ, ಕಾಗದ ಮಸುಕಾಗುತ್ತದೆ. ಎಕ್ಸ್‌ಪೋಷರ್, ಬಿಳಿ ಬಣ್ಣದ ಸೆಟ್ಟಿಂಗನ್ನೂ ಲಾಕ್ ಮಾಡಿ. ಪರದೆಯಲ್ಲಿ ಅಡ್ಡ ಪಟ್ಟೆ ಓಡಿದರೆ ಫ್ಲಿಕರ್ ಸೆಟ್ಟಿಂಗ್ 60ರಲ್ಲಿ ಇರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಅಲ್ಲಿಗೆ ಬದಲಿಸಿ.

ಒಂದೇ ಕ್ಯಾಮೆರಾವನ್ನು ಮುಖಕ್ಕೂ ಕಾಗದಕ್ಕೂ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಕತ್ತು ಬಗ್ಗುತ್ತದಲ್ಲ! ಮಾಡಿ ನೋಡಿದೆ, ಬಿಟ್ಟೆ. ಪ್ರತಿ ಸಲ ತಿರುಗಿಸಿದಾಗ ಲಾಕ್ ಮಾಡಿದ್ದೆಲ್ಲ ಕೆಡುತ್ತದೆ, ಕತ್ತೂ ಸಡಿಲವಾಗುತ್ತದೆ. ಮುಖಕ್ಕೆ ಲ್ಯಾಪ್‌ಟಾಪಿನ ಕ್ಯಾಮೆರಾ ಸಾಕು, ಅದೂ ನಮಸ್ಕಾರ ಹೇಳುವ ತನಕ. ಆಮೇಲೆ ಯಾರೂ ನನ್ನ ಮುಖ ನೋಡುವುದಿಲ್ಲ, ಎಲ್ಲರ ಕಣ್ಣು ಎಕರೆ-ಗುಂಟೆ ಮೇಲೆ. ಎರಡು ಯುಎಸ್‌ಬಿ ಕ್ಯಾಮೆರಾಗಳನ್ನು ಒಂದೇ ಹಬ್‌ಗೆ ಹಾಕಿದರೆ ಒಂದು ಕಪ್ಪಾಗಬಹುದು. ಯುಎಸ್‌ಬಿ 2ರ ಮಿತಿ 480 ಮೆಗಾಬಿಟ್. ಕಂಪ್ರೆಸ್ ಮಾಡದ ಫುಲ್ ಎಚ್‌ಡಿ ಚಿತ್ರ ಸೆಕೆಂಡಿಗೆ 30 ಫ್ರೇಮ್ ಅಂದರೆ ಅದರ ಎರಡು ಪಟ್ಟು ಬೇಕು. ಓಬಿಎಸ್‌ನಲ್ಲಿ ಎಂಜೆಪೆಗ್ (ಕಂಪ್ರೆಸ್ ಮಾಡಿದ ಚಿತ್ರ) ಆಯ್ದುಕೊಳ್ಳಿ, ಇಲ್ಲವೇ ಬೇರೆ ಪೋರ್ಟ್ ಹಿಡಿಯಿರಿ.

ನನ್ನನ್ನು ನಿಜವಾಗಿ ಕಾಡಿದ್ದು ಫ್ಯಾನು. ಮೇ ತಿಂಗಳಲ್ಲಿ ನಮ್ಮೂರಲ್ಲಿ 42 ಡಿಗ್ರಿ ದಾಟುತ್ತದೆ, ಫ್ಯಾನ್ ಆರಿಸಿ ಕೂರಿ ಎಂದು ಯಾರಿಗೆ ಹೇಳಲಿ? ಗಾಳಿಗೆ ಕಾಗದ ಹಾರುತ್ತದೆ, ಕ್ಯಾಮೆರಾದ ಕತ್ತು ತೊನೆಯುತ್ತದೆ. ಮೇಲೆ ಗಾಜು ಹಾಕಿದೆ. ಗಾಜಿನಲ್ಲಿ ಫ್ಯಾನಿನ ರೆಕ್ಕೆಗಳೇ ತಿರುಗಿದವು! ಈಗ ಬಟ್ಟೆಯ ಉದ್ದನೆಯ ಚೀಲದಲ್ಲಿ ಸೀಸದ ಗುಂಡು ತುಂಬಿ ಅಂಚಿಗೆ ಇಡುತ್ತೇನೆ. ಕ್ಯಾಮೆರಾದ ಬುಡವನ್ನು ಟೇಬಲ್‌ನಿಂದ ಬಿಡಿಸಿ ಗೋಡೆಯ ಶೆಲ್ಫಿಗೆ ಬಿಗಿದಿದ್ದೇನೆ. ಕಾಕಾ ಟೇಬಲ್ ಮೇಲೆ ಮೊಣಕೈ ಊರಿದರೂ ಚಿತ್ರ ಅಲುಗುವುದಿಲ್ಲ. ಕತ್ತು ತೊನೆಯದಂತೆ ಅದಕ್ಕೆ ಏನು ಸುತ್ತಿದ್ದೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹತ್ತು ರೂಪಾಯಿಯ ವಸ್ತು, ಹುಡುಕಿಕೊಳ್ಳಿ.

ಬೆಳಕಿಗೆ ಎರಡು ಟೇಬಲ್ ಲ್ಯಾಂಪ್, ಒಂದೊಂದು 400ರ ಹತ್ತಿರ. ಎರಡೂ ಬದಿಯಿಂದ ಓರೆಯಾಗಿ ಬರಬೇಕು. ಕ್ಯಾಮೆರಾದ ಸುತ್ತ ಇರುವ ರಿಂಗ್ ಲೈಟ್ ಬೇಡ. ಲ್ಯಾಮಿನೇಷನ್ ಮಾಡಿಸಿದ ಕಾಗದದ ಮೇಲೆ ಬರೀ ಬಿಳಿ ಬಳೆ ಕಾಣುತ್ತದೆ. ತೆಳು ಕಾಗದದಲ್ಲಿ ಹಿಂದಿನ ಪುಟದ ಮಸಿ ಮೂಡುತ್ತಿದ್ದರೆ ಕೆಳಗೆ ಕಪ್ಪು ಹಾಳೆ ಇಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಒತ್ತು ಮೊಹರು ಓದಲು ಒಂದು ದೀಪ ಆರಿಸಿ, ಇನ್ನೊಂದನ್ನು ಟೇಬಲ್ ಮಟ್ಟಕ್ಕೆ ಮಲಗಿಸಿ. ನೆರಳಿನಲ್ಲಿ ಅಕ್ಷರ ಏಳುತ್ತದೆ. ಕಳ್ಳನೋಟು ನೋಡುವ ನೀಲಿ ಟಾರ್ಚನ್ನೂ ಪ್ರಯೋಗಿಸಿದೆ. ಮಾಸಿದ ಕಬ್ಬಿಣದ ಮಸಿ ಆ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ, ಕೆಲವು ಕಾಗದದಲ್ಲಿ ಬೆರಗಾಗುವಷ್ಟು. ಬೇರೆ ಮಸಿಯಲ್ಲಿ ಏನೂ ಇಲ್ಲ. ತುಂಬ ಹೊತ್ತು ಬಿಡಬೇಡಿ, ಕಾಗದಕ್ಕೆ ಒಳ್ಳೆಯದಲ್ಲ. ಕಂದು ಮಸಿಗೆ ಓಬಿಎಸ್‌ನ ಬಣ್ಣದ ಫಿಲ್ಟರ್‌ನಲ್ಲಿ ನನ್ನದೊಂದು ಸೆಟ್ಟಿಂಗ್ ಇದೆ. ಅದು ಅನ್ನದ ಪ್ರಶ್ನೆ, ಕೇಳಬೇಡಿ.

ನೆಹರು ಗಂಜಿನ ಅಡತಿ ಗೆಳೆಯನೊಬ್ಬ ಇದನ್ನು ನೋಡಿ ತೊಗರಿ ಮಾದರಿ ತೋರಿಸಲು ಬಂದ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಬೇಳೆ, ಮುಂಬೈ ವ್ಯಾಪಾರಿಗೆ ಬಣ್ಣ ಕಾಣಬೇಕು ಎಂದ. ಪಕ್ಕದಲ್ಲಿ ಬಿಳಿ ರಟ್ಟು ಇಟ್ಟು ಬಣ್ಣ ಲಾಕ್ ಮಾಡಿದ ಮೇಲೆ ಕಾಳು ಕಾಳೂ ಕಂಡಿತು. ಆದರೂ ಆ ವ್ಯಾಪಾರಿ ‘ಒಂದು ಕಿಲೋ ಕೊರಿಯರ್ ಮಾಡು’ ಅಂದ. ಬಾಯಿಗೆ ಹಾಕಿ ಕಡಿಯದೆ ಕೊಳ್ಳುವವರಲ್ಲ ಅವರು.

ನನಗೆ ದೊಡ್ಡ ಲಾಭ ಆದದ್ದು ಹೈದರಾಬಾದಿನ ನನ್ನ ಉಸ್ತಾದರಿಂದ. ಎಂಬತ್ತು ದಾಟಿದೆ, ಒಂದು ಕಣ್ಣಿಗೆ ಪೊರೆ. ರಕಮು ಲೆಕ್ಕ (ಮೊತ್ತವನ್ನು ಅಂಕಿ ಬಿಟ್ಟು ಸಂಕೇತಾಕ್ಷರದಲ್ಲಿ ಬರೆಯುವ ರೀತಿ) ಇವತ್ತಿಗೂ ಅವರಷ್ಟು ಸರಾಗವಾಗಿ ಓದುವವರು ನನಗೆ ಸಿಕ್ಕಿಲ್ಲ. ಪರದೆ ನನಗೆ ಆಗದು ಎಂದು ಹಟ ಹಿಡಿದಿದ್ದರು. ಮೊಮ್ಮಗಳು ಟಿವಿಗೆ ಜೋಡಿಸಿ ಕೊಟ್ಟಳು. ಒಂದು ಸಾಲು ಒಂದು ಮೊಳ ಉದ್ದ ಕಂಡಾಗ ಸುಮ್ನೆ ಓದುತ್ತಾ ಹೋದರು. 1358 ಫಸಲಿಯ ಒಂದು ಇನಾಮು ಕಾಗದ, ಜಹಗೀರು ರದ್ದಾದ ಸಮಯದ್ದು. ಬದಿಯ ಟಿಪ್ಪಣಿಯಲ್ಲಿ ಫಸಲಿ ತಿಂಗಳು ದೈ ಅಲ್ಲ, ತೀರ್ ಎಂದು ತಿದ್ದಿದರು. ಫಸಲಿಗೆ 590 ಕೂಡಿಸಿ 1948 ಎಂದು ಬರೆದು ಮುಗಿಸಿದ್ದೆವು. ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುವುದರಿಂದ ತೀರ್ ಅಂದರೆ 1949ರ ಬೇಸಿಗೆಯದು. ವಕೀಲರಿಗೆ ಆ ಒಂದು ತಿಂಗಳೇ ಬೇಕಿತ್ತು.

ರೊಕ್ಕದ ವಿಷಯ. ಕ್ಯಾಮೆರಾ, ದೀಪ, ರೂಟರಿಗೆ ಸಣ್ಣ ಯುಪಿಎಸ್ ಸೇರಿ ಆರು ಸಾವಿರದೊಳಗೆ ಆಯಿತು. ಹಾಳಾದದ್ದನ್ನು ಸೇರಿಸಿದರೆ ಹತ್ತರ ಹತ್ತಿರ. ಮೊದಲು ಒಂದು ಕೂಟಕ್ಕೆ 300 ಕೇಳುತ್ತಿದ್ದೆ, ಈಗ 800, ದೊಡ್ಡ ಕಟ್ಟಿಗೆ ಜಾಸ್ತಿ. ದುಬೈನವರು ಚೌಕಾಸಿ ಮಾಡುವುದಿಲ್ಲ, ಬೆಂಗಳೂರಿನವರು ಮಾಡುತ್ತಾರೆ. ಕೋರ್ಟಿಗೆ ಬೇಕಾದ ಅನುವಾದಕ್ಕೆ ಬೇರೆ ದರ, ಅದನ್ನು ಕಾಗದದ ಮೇಲೆಯೇ ಬರೆದು ಕೊಡುತ್ತೇನೆ. ರೆಕಾರ್ಡಿಂಗ್‌ಗೆ ಬಿಡುವುದಿಲ್ಲ. ದಾಯಾದಿಗಳ ಮೊಬೈಲಿಗೆ ಹೋದರೆ ನನ್ನ ಬಾಗಿಲಿಗೆ ಬರುತ್ತಾರೆ.

ಬಟ್ಟೆಯ ಮೇಲಿನ ಊರಿನ ನಕ್ಷೆ ಮಾತ್ರ ಇದರಲ್ಲಿ ಆಗುವುದಿಲ್ಲ. ಪೂರ್ತಿ ತೋರಿಸಿದರೆ ಸರ್ವೆ ನಂಬರ್ ಕಾಣದು, ನಂಬರ್ ತೋರಿಸಿದರೆ ಹೊಲ ಯಾವ ಕಡೆ ಅಂತ ತಿಳಿಯದು. ನಕ್ಷೆ ಇದ್ದವರಿಗೆ ರೈಲು ಹತ್ತಿ ಬನ್ನಿ ಅಂತಲೇ ಹೇಳುತ್ತೇನೆ.